ಪಪ್ಪಾಯಿ ದಂಟು, ಹಳೇ ಬಳೆ, ಸೋಪುನೀರು: ಮಕ್ಕಳ ಜೊತೆ ಮನೆಯಲ್ಲೇ ಗುಳ್ಳೆ ಊದುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತಂದಿದ್ದ ಗುಳ್ಳೆ ಊದುವ ಡಬ್ಬಿ ಬೇಗನೆ ಖಾಲಿಯಾಯಿತು. ಈಗ ಮಳೆಗೆ ಶಾಲೆಗೆ ರಜೆ, ಇಬ್ಬರೂ ಮತ್ತೆ ಅದನ್ನೇ ಕೇಳುತ್ತಿದ್ದಾರೆ. ಬಟ್ಟೆ ತೊಳೆಯುವ ಪುಡಿ ಕದಡಿ ಕೊಟ್ಟೆ. ನೊರೆ ಬೇಕಾದಷ್ಟು ಬಂತು, ಗುಳ್ಳೆ ಮಾತ್ರ ಕೊಳವೆಯ ತುದಿಯಲ್ಲೇ ಒಡೆದುಹೋಗುತ್ತದೆ. ಚಿತ್ರದುರ್ಗದಲ್ಲಿರುವ ತಂಗಿ ಸ್ನಾನದ ಸೋಪು ತುರಿದು ಮಾಡಿದರೆ ಅವಳಿಗೆ ನೊರೆಯೂ ಬರಲಿಲ್ಲವಂತೆ. ಪೇಟೆಗೆ ಹೋಗದೆ ಮನೆ, ತೋಟದಲ್ಲಿ ಸಿಗುವುದರಿಂದಲೇ ಊದುವ ಸಾಧನ ಮಾಡಬಹುದೇ? ನಮ್ಮತ್ತೆ ಬೇಲಿಯ ಕಾಡುಹರಳಿನ ತೊಟ್ಟು ಮುರಿದು ಊದಬಹುದು ಎನ್ನುತ್ತಾರೆ, ಅದು ಸರಿಯೇ? ಚಿಕ್ಕವನು ಕೊಳವೆ ಕೊಟ್ಟರೆ ಊದುವ ಬದಲು ಹೀರುತ್ತಾನೆ. ನನಗೆ ಅದೇ ಭಯ.

ಉತ್ತರ: ಖಂಡಿತ ಮಾಡಬಹುದು. ಗುಳ್ಳೆ ಊದುವುದಕ್ಕೆ ನಿಮ್ಮ ಊರಿನಷ್ಟು ಅನುಕೂಲದ ಜಾಗ, ಈ ಮಳೆಗಾಲದಷ್ಟು ಅನುಕೂಲದ ಕಾಲ ಬೇರೆ ಇಲ್ಲ. ಗುಳ್ಳೆ ಸಾಯುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಅದರ ಪೊರೆಯಲ್ಲಿರುವ ನೀರು ಕೆಳಕ್ಕೆ ಜಾರಿ ಮೇಲ್ಭಾಗ ತೆಳುವಾಗುತ್ತದೆ, ಇಲ್ಲವೇ ನೀರು ಆರಿಹೋಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ, ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗದ ಗಾಳಿಯಲ್ಲಿ, ಎರಡನೆಯ ಕಾರಣ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುವ ಗುಳ್ಳೆ ಆಷಾಢದ ಜಗಲಿಯಲ್ಲಿ ಸೂರಿನ ತನಕ ಹೋಗುತ್ತದೆ.

ಮೊದಲು ನಿಮ್ಮ ಗುಳ್ಳೆ ತುದಿಯಲ್ಲೇ ಏಕೆ ಒಡೆಯಿತು ಎಂಬುದನ್ನು ನೋಡೋಣ, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಸೋಪಿನ ಗುಳ್ಳೆಯ ಪೊರೆ ಹೋಳಿಗೆಯ ಹಾಗೆ: ಹೊರಗೊಂದು ಒಳಗೊಂದು ಸೋಪಿನ ಕಣಗಳ ಪದರ, ನಡುವೆ ಹೂರಣದಂತೆ ನೀರು. ಎಲ್ಲ ಸೇರಿ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಬರಿ ನೀರಿನಿಂದ ಇಂಥ ಪೊರೆ ನಿಲ್ಲುವುದಿಲ್ಲ. ಸೋಪು ನೀರಿನ ಮೇಲ್ಮೈ ಬಿಗಿತವನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ, ಅದರಿಂದಲೇ ಗುಳ್ಳೆ ಬರುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತು. ಇನ್ನರ್ಧ ನನಗೆ ಹೆಚ್ಚು ಇಷ್ಟ. ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪಿನ ಕಣಗಳು ವಿರಳವಾಗುತ್ತವೆ. ವಿರಳವಾದ ಕಡೆ ಬಿಗಿತ ಹೆಚ್ಚುತ್ತದೆ. ಬಿಗಿತ ಹೆಚ್ಚಿದ ಜಾಗ ಅಕ್ಕಪಕ್ಕದ ದ್ರವವನ್ನು ತನ್ನತ್ತ ಎಳೆದುಕೊಂಡು ಮತ್ತೆ ದಪ್ಪವಾಗುತ್ತದೆ. ಅಂದರೆ ಗುಳ್ಳೆ ತನ್ನ ತೇಪೆಯನ್ನು ತಾನೇ ಹಾಕಿಕೊಳ್ಳುತ್ತ ಬೆಳೆಯುತ್ತದೆ. ಆದರೆ ತೇಪೆಗೆ ಬಟ್ಟೆ ಬೇಕಲ್ಲ? ಊದುತ್ತ ಹೋದಂತೆ ಪೊರೆಗೆ ಹೊಸ ದ್ರವ ಬರುತ್ತಲೇ ಇರಬೇಕು. ಅದು ಬರುವುದು ಊದುವ ಸಾಧನದ ಅಂಚಿನಿಂದ.

ಹಾಗಾಗಿ ನನ್ನ ಉತ್ತರದ ತಿರುಳು ಇಷ್ಟು: ಒಳ್ಳೆಯ ಊದುವ ಸಾಧನ ಎಂದರೆ ಸೋಪುನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವ ಅಂಚು. ನುಣುಪಾದ ಪ್ಲಾಸ್ಟಿಕ್ ಕೊಳವೆಯ ತುದಿಯಲ್ಲಿ ಹನಿ ನೀರೂ ನಿಲ್ಲುವುದಿಲ್ಲ, ಗುಳ್ಳೆ ಗೋಲಿಯಷ್ಟಾಗುವಾಗಲೇ ಬರಿದಾಗಿ ಒಡೆಯುತ್ತದೆ. ಅಂಗಡಿಯ ಡಬ್ಬಿಯ ಕಡ್ಡಿಯನ್ನು ಇನ್ನೂ ಎಸೆದಿಲ್ಲವಾದರೆ ಮಗಳ ಕೈಗೆ ಕೊಟ್ಟು ಅದರ ಬಳೆಯ ಒಳಗೆ ಬೆರಳಾಡಿಸಲು ಹೇಳಿ. ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಅವು ಅಂದಕ್ಕೆ ಇಟ್ಟವಲ್ಲ, ಹಲ್ಲುಗಳ ನಡುವಿನ ಸಂದಿಯಲ್ಲಿ ನೀರು ನಿಲ್ಲಲಿ ಎಂದು. ಈ ಒಂದು ವಿಷಯ ಕೈಗೆ ಸಿಕ್ಕಿತೆಂದರೆ ಮನೆಯಲ್ಲಿ ಯಾವ ವಸ್ತು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಎಂಟು ವರ್ಷದವಳು ತಾನೇ ಹೇಳಬಲ್ಲಳು.

ಇನ್ನು ಸೋಪುನೀರು. ಬಟ್ಟೆ ಪುಡಿ ಬೇಡವೇ ಬೇಡ. ಅದರಲ್ಲಿ ಸೋಡಾ ಇರುತ್ತದೆ, ಕೆಲವದರಲ್ಲಿ ಕಲೆ ತೆಗೆಯುವ ಕಿಣ್ವಗಳೂ ಇರುತ್ತವೆ. ಮಕ್ಕಳ ಕಣ್ಣಿಗೆ, ತುಟಿಗೆ ಅದು ತೀರಾ ಖಾರ. ಪಾತ್ರೆ ತೊಳೆಯುವ ದ್ರವ ಬರುತ್ತದಲ್ಲ, ವಿಮ್ಮೋ ಪ್ರಿಲ್ಲೋ ಮನೆಯಲ್ಲಿ ಯಾವುದಿದೆಯೋ ಅದು ಸಾಕು. ಅದೂ ಇಲ್ಲದಿದ್ದರೆ ಶಾಂಪೂ. ಒಂದು ದೊಡ್ಡ ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆಯ ದ್ರವ, ಒಂದು ದೊಡ್ಡ ಚಮಚ ಗ್ಲಿಸರಿನ್. ಗ್ಲಿಸರಿನ್ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಒಂದು ಚಿಕ್ಕ ಬಾಟಲಿ ಇಡೀ ಮಳೆಗಾಲಕ್ಕೆ ಆಗುತ್ತದೆ. ಅದು ಗಾಳಿಯ ತೇವವನ್ನು ತನ್ನತ್ತ ಎಳೆದಿಟ್ಟುಕೊಳ್ಳುವ ವಸ್ತು, ಆದ್ದರಿಂದ ಪೊರೆ ಬೇಗ ಆರುವುದಿಲ್ಲ. ಗ್ಲಿಸರಿನ್‌ಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಒಂದು ಉದಾಹರಣೆ: ಫ್ರಾನ್ಸಿನ ಲಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೀರು, ಗ್ಲಿಸರಿನ್ ಮತ್ತು ತೀರಾ ಸಣ್ಣ ಪ್ಲಾಸ್ಟಿಕ್ ಕಣಗಳ ಪೊರೆಯಿಂದ ಮಾಡಿದ ಒಂದು ಗುಳ್ಳೆ 465 ದಿನ ಒಡೆಯದೆ ನಿಂತಿತ್ತು. ಆ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ನಮಗೆ ಅಷ್ಟು ಬೇಡ, ಜಗಲಿಯಿಂದ ಅಂಗಳ ದಾಟಿದರೆ ಸಾಕು.

ಗ್ಲಿಸರಿನ್ ಇಲ್ಲದ ದಿನ ಎರಡು ಸಣ್ಣ ಚಮಚ ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ, ತಣಿಸಿ ಸೇರಿಸಬಹುದು. ಗುಳ್ಳೆ ಗಟ್ಟಿಯಾಗುತ್ತದೆ, ಆದರೆ ಕೈಯೆಲ್ಲ ಅಂಟು, ಜೊತೆಗೆ ಇರುವೆ. ಹಾಗಾಗಿ ನಾನು ಗ್ಲಿಸರಿನ್ ಪಕ್ಷ.

ಬೆರೆಸುವಾಗ ಕುಲುಕಬಾರದು. ಚಮಚದಲ್ಲಿ ಮೆಲ್ಲಗೆ ತಿರುಗಿಸಿ, ಮುಚ್ಚಿಟ್ಟು, ಒಂದು ರಾತ್ರಿ ಬಿಡಿ. ನೀವು ನೊರೆ ಬಂತು ಎಂದು ಸಂತೋಷಪಟ್ಟಿರಿ, ಆದರೆ ಗುಳ್ಳೆಗೆ ನೊರೆಯೇ ಶತ್ರು. ಅದ್ದಿದಾಗ ಅಂಚಿಗೆ ನೊರೆ ಮೆತ್ತಿಕೊಂಡರೆ ಅಂಗೈಯಗಲ ಒಂದೇ ಪೊರೆ ಆಗುವ ಬದಲು ನೂರು ಪುಟ್ಟ ಪೊರೆಗಳಾಗುತ್ತವೆ. ಬೆಳಗ್ಗೆ ನೊರೆಯೆಲ್ಲ ಇಳಿದು ತಿಳಿಯಾದ ದ್ರವ ಉಳಿದಿರುತ್ತದೆ. ಮಕ್ಕಳಿಗೆ ಒಂದು ರಾತ್ರಿ ಕಾಯುವುದು ಕಷ್ಟವೇ. ಆ ಹೊತ್ತನ್ನು ಊದುವ ಸಾಧನ ಮಾಡಲು ಬಳಸಿ.

ನಿಮ್ಮ ತಂಗಿಯ ಮನೆಯ ಕಥೆಗೆ ಕಾರಣ ನೀರು. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಸ್ನಾನದ ಸೋಪು ಆ ಲವಣಗಳ ಜೊತೆ ಸೇರಿ ಬಿಳಿ ಗಷ್ಟಾಗಿ ಕೂರುತ್ತದೆ, ಬಕೆಟ್ಟಿನ ಅಂಚಿಗೆ ಹಿಡಿಯುತ್ತದಲ್ಲ ಅದೇ. ಪೊರೆ ಕಟ್ಟಲು ಸೋಪೇ ಉಳಿಯುವುದಿಲ್ಲ. ಅವರಿಗೆ ಹೇಳಿ: ಸೋಪಿನ ಬದಲು ಪಾತ್ರೆಯ ದ್ರವ ಬಳಸಲಿ, ಅದಕ್ಕೆ ಗಡಸು ನೀರಿನ ಕಾಟ ಕಡಿಮೆ. ನೀರು ಫಿಲ್ಟರಿನದ್ದೋ ಮಳೆಯದ್ದೋ ಆಗಲಿ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಸಾವಿರಾರು ವರ್ಷಗಳ ಮಳೆಗೆ ತೊಳೆದು ತೊಳೆದು ಸುಣ್ಣದಂಶ ಕಳೆದುಕೊಂಡಿದೆ, ಆದ್ದರಿಂದ ನಿಮ್ಮ ಬಾವಿಯ ನೀರು, ಗುಡ್ಡದಿಂದ ಇಳಿಯುವ ಅಬ್ಬಿ ನೀರು ಮೆದು. ಸೂರಿನಿಂದ ಬೀಳುವ ನೀರು ಇನ್ನೂ ಮೆದು. ಮಳೆ ಹಿಡಿದು ಹಂಚು ತೊಳೆದುಹೋದ ಮೇಲೆ ಒಂದು ಪಾತ್ರೆ ಇಟ್ಟು ಹಿಡಿಯಿರಿ, ಬಟ್ಟೆಯಲ್ಲಿ ಸೋಸಿದರೆ ಸಾಕು.

ಅಂಟುವಾಳಕಾಯಿಯನ್ನು ನೀವು ಕೇಳಿಲ್ಲ, ಆದರೂ ಮಲೆನಾಡಿನ ಮನೆಯಲ್ಲಿ ಅದರ ಮಾತು ಬರದೆ ಇರುವುದಿಲ್ಲ. ಬೀಜ ತೆಗೆದ ನಾಲ್ಕೈದು ಒಣ ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ ಕಿವುಚಿ ಸೋಸಿದರೆ ಚೆನ್ನಾಗಿ ನೊರೆಯುತ್ತದೆ. ಚಿಕ್ಕ ಗುಳ್ಳೆಗಳು ಬರುತ್ತವೆ. ದೊಡ್ಡದಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ, ಅದರ ಪೊರೆ ಬಿರುಸು. ಗಿಡದ್ದು ಎಂದ ಮಾತ್ರಕ್ಕೆ ಕಣ್ಣಿಗೆ ಮೆತ್ತಗೆ ಎಂದೂ ತಿಳಿಯಬೇಡಿ, ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಪಾತ್ರೆಯ ಸೋಪಿಗಿಂತ ಜೋರಾಗಿ ಉರಿಯುತ್ತದೆ.

ಈಗ ಸಾಧನಗಳು. ಎಲ್ಲಕ್ಕಿಂತ ಮೊದಲನೆಯದು ಕೈ. ಕೈ ತೊಳೆದು ಎಣ್ಣೆಯಂಶ ಹೋಗಲಾಡಿಸಿ, ಪೂರ್ತಿ ಸೋಪುನೀರಿನಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿ, ಒಂದು ಗೇಣು ದೂರದಿಂದ ನಿಧಾನಕ್ಕೆ ಊದಬೇಕು. ಒಂದು ಪೈಸೆ ಖರ್ಚಿಲ್ಲ, ಏನೂ ಮುರಿಯುವುದಿಲ್ಲ. ಒಣ ಬೆರಳು ತಗುಲಿದರೆ ಗುಳ್ಳೆ ಒಡೆಯುತ್ತದೆ, ಒದ್ದೆ ಬೆರಳು ಒಳಗೇ ಹೋಗಿ ಬಂದರೂ ಒಡೆಯುವುದಿಲ್ಲ. ಇದನ್ನು ಮೊದಲ ಬಾರಿ ಕಂಡ ಮಗುವಿನ ಮುಖವನ್ನು ನೀವು ನೋಡಬೇಕು.

ಎರಡನೆಯದು ಹಳೆಯ ಬಳೆ. ಗಾಜಿನದು ಬೇಡ, ಪ್ಲಾಸ್ಟಿಕ್ಕಿನದೋ ಲೋಹದ್ದೋ ಇರಲಿ. ಹತ್ತಿಯ ದಾರವನ್ನು ಅದರ ಸುತ್ತ ಒತ್ತೊತ್ತಾಗಿ ಸುತ್ತಿ, ಒಂದು ಗೇಣಿನ ಕಡ್ಡಿಗೆ ಬಿಗಿಯಾಗಿ ಕಟ್ಟಿ. ದಾರ ಇಲ್ಲವೇ? ಹೂ ಕಟ್ಟುವ ಬಾಳೆನಾರು ಇದೆಯಲ್ಲ, ನೆನೆಸಿದ ಬಾಳೆನಾರು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ಮಗಳ ಕೈಯಲ್ಲಿ ಎರಡು ಮಾಡಿಸಿ, ಒಂದು ಬರಿಬಳೆ, ಒಂದು ದಾರ ಸುತ್ತಿದ ಬಳೆ. ಎರಡನ್ನೂ ಒಂದೇ ನೀರಿನಲ್ಲಿ ಅದ್ದಿ ಊದಲಿ. ಯಾವುದರಿಂದ ದೊಡ್ಡದು ಬಂತು, ಏಕೆ ಬಂತು ಎಂದು ಅವಳೇ ಹೇಳಲಿ, ನೀವು ಮೊದಲೇ ಬಾಯಿ ಬಿಡಬೇಡಿ. ತೆಂಗಿನ ಗರಿಯ ಹಸಿ ಕಡ್ಡಿಯನ್ನು ಬಗ್ಗಿಸಿ ಸುತ್ತು ಮಾಡಿ ತುದಿ ಕಟ್ಟಿದರೂ ಇದೇ ಕೆಲಸ ಆಗುತ್ತದೆ. ಒಣಗಿದ ಕಡ್ಡಿ ಬಗ್ಗುವುದಿಲ್ಲ, ಮುರಿಯುತ್ತದೆ.

ಕೊಳವೆಗಳಲ್ಲಿ ನನ್ನ ಮೆಚ್ಚಿನದು ಪಪ್ಪಾಯಿ ಎಲೆಯ ದಂಟು. ಒಳಗೆ ಟೊಳ್ಳು, ಗೋಡೆ ಮೆದು, ಚಾಕು ತಗುಲಿಸಿದರೆ ಬೇಕಾದ ಹಾಗೆ ಸೀಳುತ್ತದೆ. ಹಸಿರು ಎಲೆಯ ದಂಟಿನಲ್ಲಿ ಹಾಲು ಹೆಚ್ಚು, ಅದು ತುಟಿಗೆ ತಗುಲಿದರೆ ತುರಿಕೆ ಬರುತ್ತದೆ. ಹಳದಿಗೆ ತಿರುಗಿ ಇನ್ನೇನು ಬೀಳಬೇಕು ಎನ್ನುವ ಎಲೆಯದನ್ನು ಆರಿಸಿ. ಒಂದು ಗೇಣು ಕತ್ತರಿಸಿ, ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಎರಡೂ ತುದಿ ತೊಳೆಯಿರಿ. ಈಗ ಒಂದು ತುದಿಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ ನಾಲ್ಕಾರು ಸೀಳು ಹಾಕಿ, ಸೀಳುಗಳನ್ನು ಹೊರಗೆ ಬಿಚ್ಚಿ. ಗುಳ್ಳೆಗೆ ಕೂರಲು ಅಗಲವಾದ ಜಾಗ ಸಿಕ್ಕಿತು, ಸೀಳಿನ ಸಂದಿಗಳಲ್ಲಿ ನೀರು ನಿಂತಿತು. ಸೀಳಿಲ್ಲದ ದಂಟಿನಿಂದ ನೆಲ್ಲಿಕಾಯಿ ಗಾತ್ರದ ಗುಳ್ಳೆ ಬಂದರೆ, ಸೀಳಿದ್ದರಿಂದ ಕಿತ್ತಳೆ ಗಾತ್ರದ್ದು ಬರುತ್ತದೆ. ಚಾಕುವಿನ ಕೆಲಸ ನಿಮ್ಮದು, ಬಿಚ್ಚುವ ಕೆಲಸ ಅವರದು.

ವಾಟೆ ಬಿದಿರು ಸಿಕ್ಕರೆ ಅದು ವರ್ಷಗಟ್ಟಲೆ ಬಾಳುತ್ತದೆ. ನಿಮ್ಮತ್ತೆಯವರ ಕಾಲದ ಮಕ್ಕಳು ಅದರಲ್ಲಿ ಪೆಟ್ಲು ಮಾಡಿ ಆಡಿದವರೇ, ಕೊಯ್ಯುವ ಬಗೆ ಅವರಿಗೆ ಗೊತ್ತಿರುತ್ತದೆ. ಗೆಣ್ಣಿಲ್ಲದ ತುಂಡು ಕೊಯ್ದು, ಎರಡೂ ತುದಿಯನ್ನು ಒರಟು ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಬೇಕು, ಬಿದಿರಿನ ಅಂಚು ಬ್ಲೇಡಿನಷ್ಟು ಹರಿತ. ಅದ್ದುವ ತುದಿಗೆ ಎರಡು ಸುತ್ತು ಬಟ್ಟೆಯ ಪಟ್ಟಿ ಕಟ್ಟಿ. ಕಡ್ಡಿ ಹುಡುಕುತ್ತ ಮಕ್ಕಳು ಕಾಡಿನಂಚಿಗೆ ಹೋಗುವುದಾದರೆ ಹೊಲಗೇರಿನ ಮರವನ್ನು ತೋರಿಸಿ ಮುಟ್ಟಬಾರದು ಎಂದು ಕಲಿಸಿ, ಅದರ ಸೊನೆ ತಗುಲಿದರೆ ಮೈ ಬಾತು ಗುಳ್ಳೆ ಏಳುತ್ತದೆ.

ನಾಲ್ಕು ವರ್ಷದವನ ವಿಷಯಕ್ಕೆ ಬರುತ್ತೇನೆ. ನಿಮ್ಮ ಭಯ ಸರಿಯಾದದ್ದೇ. ಆ ವಯಸ್ಸಿಗೆ ಕೊಳವೆ ಎಂದರೆ ಎಳನೀರು ಕುಡಿಯುವ ಕೊಳವೆ, ಬಾಯಿಗಿಟ್ಟರೆ ಹೀರುವುದೇ ಅಭ್ಯಾಸ. ಐದರ ಒಳಗಿನ ಮಕ್ಕಳಿಗೆ ನಾನು ಬಾಯಿಗೆ ಇಡುವ ಯಾವ ಸಾಧನವನ್ನೂ ಕೊಡುವುದಿಲ್ಲ. ಅವನಿಗೆ ಬೀಸುವ ಸಾಧನ ಕೊಡಿ. ಚಕ್ಕುಲಿ ಒರಳಿನ ತೂತುಗಳ ಬಿಲ್ಲೆಯನ್ನು ದಾರದಿಂದ ಕಡ್ಡಿಗೆ ಕಟ್ಟಿ, ಸೋಪುನೀರಿನಲ್ಲಿ ಅದ್ದಿ ಗಾಳಿಯಲ್ಲಿ ಬೀಸಿದರೆ ಒಂದೇ ಏಟಿಗೆ ಗುಳ್ಳೆಗಳ ಹಿಂಡು. ಕರಿದದ್ದನ್ನು ಎತ್ತುವ ಜಾಲರಿ ಸೌಟೂ ಆಗುತ್ತದೆ. ಎಣ್ಣೆಯ ಜಿಡ್ಡು ಪೂರ್ತಿ ಹೋಗಿರಬೇಕು, ಜಿಡ್ಡು ಪೊರೆಯನ್ನು ಕೊಲ್ಲುತ್ತದೆ. ಅವನ ಕೈಗೆ ಬೀಸಣಿಗೆ ಕೊಟ್ಟು ಅಕ್ಕ ಹಿಡಿದ ಬಳೆಗೆ ಗಾಳಿ ಹಾಕಲು ಹೇಳಿದರೆ ಇಬ್ಬರಿಗೂ ಕೆಲಸ ಸಿಕ್ಕಿತು. ಮಗಳ ಕೊಳವೆಗೂ ಒಂದು ಎಚ್ಚರಿಕೆ: ಬಾಯಿಯ ತುದಿಯಿಂದ ಎರಡು ಬೆರಳು ಕೆಳಗೆ ದಬ್ಬಳದಿಂದ ಒಂದು ಸಣ್ಣ ತೂತು ಮಾಡಿ. ಊದುವಾಗ ಅದರಿಂದ ಹೋಗುವ ಗಾಳಿ ಸ್ವಲ್ಪ, ಆದರೆ ಮರೆತು ಹೀರಿದರೆ ಸೋಪುನೀರು ಮೇಲೇರುವ ಮೊದಲು ಆ ತೂತಿನಿಂದ ಗಾಳಿ ನುಗ್ಗುತ್ತದೆ.

ಒಂದು ಗುಟುಕು ಒಳಗೆ ಹೋಯಿತು ಎಂದಿಟ್ಟುಕೊಳ್ಳಿ. ಬಾಯಿ ಮುಕ್ಕಳಿಸಿ ಸ್ವಲ್ಪ ನೀರು ಕುಡಿಸಿ. ವಾಂತಿ ಮಾಡಿಸಬಾರದು, ನೊರೆ ಶ್ವಾಸಕೋಶಕ್ಕೆ ಹೋದರೆ ಅದೇ ಅಪಾಯ. ಕೆಮ್ಮು ನಿಲ್ಲದಿದ್ದರೆ, ವಾಂತಿಯಾಗುತ್ತಿದ್ದರೆ, ಹೆಚ್ಚು ಕುಡಿದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ ತಣ್ಣೀರು ಸುರಿಯುತ್ತ ತೊಳೆಯಿರಿ.

ನಿಮ್ಮತ್ತೆ ಹೇಳಿದ್ದು ನಿಜ. ಕಾಡುಹರಳಿನ, ಅಂದರೆ ಈಗ ಜಟ್ರೋಫಾ ಎಂದು ಎಲ್ಲರೂ ಕರೆಯುವ ಬೇಲಿಗಿಡದ, ಎಲೆಯ ತೊಟ್ಟನ್ನು ಪೂರ್ತಿ ತುಂಡಾಗದ ಹಾಗೆ ಮುರಿದು ಸ್ವಲ್ಪ ಬಿಡಿಸಿದರೆ ಆ ಸಂದಿಯಲ್ಲಿ ರಸದ ಪೊರೆ ಕಟ್ಟುತ್ತದೆ. ಮೆಲ್ಲಗೆ ಊದಿದರೆ ಬಣ್ಣಬಣ್ಣದ ಗುಳ್ಳೆಗಳು. ಸೋಪೂ ಇಲ್ಲ, ನೀರೂ ಇಲ್ಲ, ಅದ್ದುವುದೂ ಇಲ್ಲ. ಸಾಧನವೂ ದ್ರವವೂ ಒಂದೇ ತೊಟ್ಟಿನಲ್ಲಿ. ಊರಿನ ಮಕ್ಕಳು ತಲೆಮಾರುಗಳಿಂದ ಆಡಿದ ಈ ಆಟ ಮರೆತುಹೋಗಬಾರದು ಎಂಬುದು ನನ್ನ ಆಸೆ. ಹಾಗಿದ್ದೂ ಅದನ್ನು ಮಕ್ಕಳ ಕೈಗೆ ಬಿಡುವ ಮೊದಲು ಎರಡು ಬಾರಿ ಯೋಚಿಸಿ ಎನ್ನುತ್ತೇನೆ.

ಆ ಗಿಡದ ಬೀಜ ವಿಷ. ರುಚಿ ಕಹಿಯಲ್ಲದ್ದರಿಂದ ಮಕ್ಕಳು ಉಗುಳದೆ ತಿಂದುಬಿಡುತ್ತಾರೆ, ಕೆಲವೇ ಬೀಜಕ್ಕೆ ವಾಂತಿ ಭೇದಿ ಹಿಡಿಯುತ್ತದೆ. ತಿಂದದ್ದು ಗೊತ್ತಾದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ರಸ ಕಣ್ಣಿಗೆ ಆಗದು, ಬಟ್ಟೆಗೆ ಬಿದ್ದರೆ ಕಂದು ಕಲೆ ಹೋಗದು. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಒಂದು ಗಿಡದ ರಸದಲ್ಲಿ ಗುಳ್ಳೆ ಬಂತು ಎಂದರೆ ಮಗು ಮರುದಿನ ತೊಟ್ಟು ಮುರಿದರೆ ರಸ ಬರುವ ಎಲ್ಲ ಗಿಡವನ್ನೂ ಮುರಿದು ನೋಡುತ್ತದೆ. ಬೇಲಿಯಲ್ಲೇ ಕಳ್ಳಿ ಇರುತ್ತದೆ, ಎಕ್ಕ ಇರುತ್ತದೆ, ಅಂಗಳದಲ್ಲಿ ಕಣಗಿಲೆ ಇರುತ್ತದೆ. ಕಳ್ಳಿ ಮತ್ತು ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಪೆಟ್ಟು, ಕಣಗಿಲೆ ಬೇರಿನಿಂದ ಹೂವಿನವರೆಗೂ ವಿಷ. ಆದ್ದರಿಂದ ನನ್ನ ಸಲಹೆ: ಮಗನಿಗೆ ಸದ್ಯಕ್ಕೆ ಬೇಡ. ಮಗಳಿಗೆ ಅಜ್ಜಿಯೇ ತೋರಿಸಲಿ, ತೊಟ್ಟು ಅಜ್ಜಿಯ ಕೈಯಲ್ಲಿರಲಿ, ತುಟಿಗೆ ತಗುಲಿಸದೆ ದೂರದಿಂದ ಊದಲಿ, ಮುಗಿದ ಕೂಡಲೇ ಕೈ ತೊಳೆಯಲಿ. ಮುಟ್ಟಬಾರದ ಗಿಡಗಳ ಹೆಸರುಗಳನ್ನೂ ಅಜ್ಜಿ ಆಗಲೇ ಹೇಳಿಕೊಡಲಿ.

ಆಡುವ ಜಾಗ ಯಾವುದು? ಒಳಗಿನ ಕೆಂಪು ನೆಲ, ಟೈಲ್ಸ್ ನೆಲ ಎರಡೂ ಬೇಡ, ಸೋಪು ಬಿದ್ದರೆ ಜಾರಿ ತಲೆ ಒಡೆಯುತ್ತದೆ. ಮಳೆಗಾಲದ ಪಾಚಿ ಕಟ್ಟಿದ ಅಂಗಳವೂ ಹಾಗೆಯೇ. ಮಳೆ ಹೊಳವಾದಾಗ ಮಣ್ಣಿನ ಜಾಗ ನೋಡಿ ನಿಲ್ಲಿಸಿ, ಇಲ್ಲವೇ ಜಗಲಿಯ ಅಂಚಿಗೆ ಗೋಣಿಚೀಲ ಹಾಸಿ. ಅಡಿಕೆ ಹರವಿದ ಅಂಗಳದಲ್ಲಿ ಮಾತ್ರ ಯಾವ ಕಾಲಕ್ಕೂ ಬೇಡ. ಸೋಪುನೀರಿಡಲು ಅಡಿಕೆ ಹಾಳೆಯ ತಟ್ಟೆ ಸೊಗಸಾಗಿರುತ್ತದೆ, ಅಗಲವಾಗಿರುವುದರಿಂದ ಬಳೆ ಪೂರ್ತಿ ಮುಳುಗುತ್ತದೆ, ಬಿದ್ದರೂ ಒಡೆಯುವುದಿಲ್ಲ. ಬೆಳಗಿನ ಹೊತ್ತು ಇನ್ನೂ ಒಳ್ಳೆಯದು. ನಾವು ಊದುವ ಉಸಿರು ಹೊರಗಿನ ಚಳಿಗಾಳಿಗಿಂತ ಬೆಚ್ಚಗಿರುತ್ತದೆ, ಹಾಗಾಗಿ ತಣ್ಣನೆಯ ಬೆಳಗಿನಲ್ಲಿ ಗುಳ್ಳೆ ಕೆಳಗಿಳಿಯುವ ಬದಲು ಮೇಲೇರುವುದೇ ಹೆಚ್ಚು.

ಮಗಳು ಎಂಟರವಳಾದ್ದರಿಂದ ಇನ್ನೂ ಎರಡು ಆಟ ಹೇಳುತ್ತೇನೆ, ಇವು ನನಗೆ ತುಂಬಾ ಪ್ರಿಯ. ದಾರ ಸುತ್ತಿದ ಬಳೆಯನ್ನು ಅದ್ದಿ, ಊದದೆ, ನೆಟ್ಟಗೆ ಹಿಡಿದುಕೊಳ್ಳಲಿ. ಹಿಂದೆ ಕಪ್ಪು ಹಿನ್ನೆಲೆ ಇರಬೇಕು, ಬಚ್ಚಲಮನೆಯ ಹೊಗೆ ಹಿಡಿದ ಗೋಡೆ ಹೇಳಿ ಮಾಡಿಸಿದ್ದು. ಬೆಳಕು ಬಾಗಿಲಿನಿಂದ ಬರಲಿ. ಪೊರೆಯಲ್ಲಿ ಅಡ್ಡಡ್ಡ ಬಣ್ಣದ ಪಟ್ಟೆಗಳು ಮೂಡಿ ಒಂದೊಂದಾಗಿ ಕೆಳಗಿಳಿಯುತ್ತವೆ. ಪೊರೆಯ ಮುಂದಿನ ಮೈಯಿಂದ, ಹಿಂದಿನ ಮೈಯಿಂದ ತಿರುಗಿಬರುವ ಬೆಳಕು ಒಂದನ್ನೊಂದು ಕೂಡಿ ಕಳೆದು ಈ ಬಣ್ಣ ಹುಟ್ಟುತ್ತದೆ. ಯಾವ ಬಣ್ಣ ಎಂಬುದು ಅಲ್ಲಿನ ದಪ್ಪದ ಮೇಲೆ ನಿಂತಿದೆ. ಕೊನೆಗೆ ಮೇಲ್ತುದಿಯಲ್ಲಿ ಬಣ್ಣವೇ ಇಲ್ಲದ ಒಂದು ಕಪ್ಪು ಜಾಗ ಕಾಣುತ್ತದೆ. ತೂತಾಗಿದೆ ಎಂದೇ ಮಕ್ಕಳು ತಿಳಿಯುತ್ತಾರೆ. ಅಲ್ಲೂ ಪೊರೆ ಇದೆ, ಆದರೆ ಬೆಳಕನ್ನು ತಿರುಗಿಸಲಾರದಷ್ಟು ತೆಳುವಾಗಿದೆ. ಆ ಕಪ್ಪು ಕಂಡಿತೆಂದರೆ ಪೊರೆ ಒಡೆಯುವ ಹೊತ್ತು ಬಂತು ಎಂದು ಮಗಳು ತಮ್ಮನಿಗೆ ಮೊದಲೇ ಹೇಳಬಹುದು. ಐಸಾಕ್ ನ್ಯೂಟನ್ ಇದೇ ಬಣ್ಣಗಳನ್ನೂ ಇದೇ ಕಪ್ಪು ಚುಕ್ಕೆಯನ್ನೂ ಕೂತು ನೋಡಿ, 1704ರಲ್ಲಿ ಬೆಳಕಿನ ಬಗೆಗಿನ ತನ್ನ ಗ್ರಂಥದಲ್ಲಿ ಬರೆದ.

ಇನ್ನೊಂದು ಆಟಕ್ಕೆ ತಂತಿಯನ್ನು ಚೌಕ, ನಕ್ಷತ್ರ, ಎಲೆ, ಅವಳಿಗೆ ತೋಚಿದ ಆಕಾರಕ್ಕೆ ಬಗ್ಗಿಸಿ ದಾರ ಸುತ್ತಿ. ಊದುವ ಮೊದಲು ಕೇಳಿ: ಚೌಕದಿಂದ ಎಂಥ ಗುಳ್ಳೆ ಬರುತ್ತದೆ? ಚೌಕದ್ದೇ ಎನ್ನುತ್ತಾಳೆ. ಊದಿ ನೋಡಲಿ, ಪ್ರತಿಸಲವೂ ಗುಂಡಗೇ. ಪೊರೆ ತನ್ನನ್ನು ತಾನು ಆದಷ್ಟು ಕುಗ್ಗಿಸಿಕೊಳ್ಳಲು ನೋಡುತ್ತದೆ. ಒಂದಿಷ್ಟು ಗಾಳಿಯನ್ನು ಅತಿ ಕಡಿಮೆ ಮೈಯಲ್ಲಿ ಸುತ್ತುವ ಆಕಾರ ಗೋಳ ಒಂದೇ. ಗಾಜಿನ ತಟ್ಟೆಯನ್ನು ಒದ್ದೆ ಮಾಡಿ ಅದರ ಮೇಲೆ ಎರಡು ಗುಳ್ಳೆಗಳನ್ನು ಪಕ್ಕಪಕ್ಕ ಕೂರಿಸಿದರೆ ನಡುವೆ ಒಂದು ಗೋಡೆ ಏಳುತ್ತದೆ. ಎರಡೂ ಒಂದೇ ಗಾತ್ರದ್ದಾದರೆ ಗೋಡೆ ನೇರ. ಒಂದು ಚಿಕ್ಕದಾದರೆ ಗೋಡೆ ದೊಡ್ಡದರ ಒಳಕ್ಕೆ ಉಬ್ಬುತ್ತದೆ, ಏಕೆಂದರೆ ಚಿಕ್ಕ ಗುಳ್ಳೆಯ ಒಳಗಿನ ಒತ್ತಡ ಹೆಚ್ಚು. ಮೂರು ಗುಳ್ಳೆ ಸೇರಿದ ಕಡೆ ಗೋಡೆಗಳು ಯಾವಾಗಲೂ 120 ಡಿಗ್ರಿ ಕೋನದಲ್ಲೇ ಕೂಡುತ್ತವೆ. ಬೆಲ್ಜಿಯಂನ ಜೋಸೆಫ್ ಪ್ಲಾಟೋ ಎಂಬ ವಿಜ್ಞಾನಿ ಈ ನಿಯಮಗಳನ್ನು ಕಂಡುಹಿಡಿದು 1873ರಲ್ಲಿ ಪ್ರಕಟಿಸಿದ. ಆತ ನಡುವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದ, ಪೊರೆಗಳನ್ನು ಬೇರೆಯವರು ನೋಡಿ ಹೇಳುತ್ತಿದ್ದರು, ಆತ ಯೋಚಿಸುತ್ತಿದ್ದ.

ತೀರಾ ದೊಡ್ಡ ಗುಳ್ಳೆ ಬೇಕು ಎಂದು ಹಟ ಹಿಡಿದರೆ ಎರಡು ಮೊಳದ ಎರಡು ಕೋಲು, ದಪ್ಪ ಹತ್ತಿ ಹಗ್ಗ ಸಾಕು. ಕೋಲುಗಳ ತುದಿಗೆ ಒಂದು ಮೊಳ ಹಗ್ಗ ಅಡ್ಡಕ್ಕೆ ಕಟ್ಟಿ, ಅದೇ ತುದಿಗಳಿಂದ ಎರಡು ಮೊಳ ಹಗ್ಗ ಕೆಳಗೆ ಜೋಲುವಂತೆ ಕಟ್ಟಿ, ಜೋಲುವ ಹಗ್ಗದ ನಡುವೆ ಒಂದು ಕಬ್ಬಿಣದ ನಟ್ಟು ಪೋಣಿಸಿ. ಬಕೆಟ್ಟಿನಲ್ಲಿ ಅದ್ದಿ, ಕೋಲುಗಳನ್ನು ಮೆಲ್ಲಗೆ ಅಗಲಿಸಿ, ಹಿಂದಕ್ಕೆ ನಡೆಯಬೇಕು. ಊದುವ ಅಗತ್ಯವೇ ಇಲ್ಲ. ನೈಲಾನ್ ಹಗ್ಗದಲ್ಲಿ ಬರುವುದಿಲ್ಲ, ಏಕೆಂದು ನಿಮಗೆ ಈಗ ಗೊತ್ತು.

ಉಳಿದ ಸೋಪುನೀರನ್ನು ಬಾವಿಯ ಹತ್ತಿರ, ಅಬ್ಬಿಯ ಕಾಲುವೆಗೆ, ಮೀನಿರುವ ಕೆರೆಗೆ ಚೆಲ್ಲಬೇಡಿ. ಅಂಟುವಾಳದ ನೀರಂತೂ ಮೀನಿಗೆ ವಿಷವೇ. ಬಚ್ಚಲ ನೀರು ಹೋಗುವ ಕಡೆ ಸುರಿಯಿರಿ. ಸಕ್ಕರೆ ಹಾಕಿದ್ದು ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಗ್ಲಿಸರಿನ್ ಹಾಕಿದ್ದು ಮುಚ್ಚಿಟ್ಟರೆ ವಾರಗಟ್ಟಲೆ ಇರುತ್ತದೆ. ಅದನ್ನು ತುಂಬಿಡಲು ಮಾತ್ರ ಜ್ಯೂಸಿನ, ತಂಪು ಪಾನೀಯದ ಬಾಟಲಿ ಬಳಸಬೇಡಿ. ಬಾಯಾರಿದ ನಾಲ್ಕು ವರ್ಷದವನಿಗೆ ಬಾಟಲಿಯ ಗುರುತು ಸಿಗುತ್ತದೆ, ಒಳಗಿರುವುದು ಏನೆಂದು ಗೊತ್ತಾಗುವುದಿಲ್ಲ. ಹಳೆಯ ಶಾಂಪೂ ಬಾಟಲಿ ಇದ್ದರೆ ಅದರಲ್ಲಿ ತುಂಬಿ, ಅವನ ಕೈಗೆಟುಕದ ಅಟ್ಟಣೆಯ ಮೇಲಿಡಿ.